ಜಾಲಿ ಟೊಂಗಿ

ಫಕ್ಕೀರೇಶ,
ಹೊಸಾ ಲೆನ್ಸು ತಂದೀ ಅಂತ, ಮೊಣಕೈ ಉದ್ದದ್ದು.
ಎರಡು ಮದುವಿ, ಒಂದು ತೊಟ್ಟಿಲ ಕಾರ್ಯದ ರೊಕ್ಕ
ಅದರ ಬಾಯಾಗ ಹೋಗಿರಬೇಕು.
ಚಲೋ ಆತು. ಚಾ ಕುಡಿ.
ನಾಳೆ ಕಪ್ಪತಗುಡ್ಡ ಹತ್ತೂದಕ್ಕ ಮೊದಲು
ಈ ಪಾಸ್‌ಪೋರ್ಟ್ ಸ್ಟೂಲಿನ ಮ್ಯಾಲೆ
ಒಂದು ಗಳಿಗಿ ಕೂಡು.

ಡೋಣಿ ದಾರಿಯೊಳಗ ಗಾಡಿ ದೂರ ನಿಲ್ಲಸು.
ಇಂಜಿನ್ ಆರಿದ ಮ್ಯಾಲೂ ಅರ್ಧ ತಾಸು
ಅದರ ಸದ್ದು ಹುಲ್ಲಿನೊಳಗ ಇರತೈತಿ.
ನಿನಗ ಕೇಳೂದಿಲ್ಲ. ಅವಕ್ಕ ಕೇಳತೈತಿ.
ಬಿಳಿ ಅಂಗಿ ಬ್ಯಾಡ, ಸೆಂಟು ಬ್ಯಾಡ.
ಹೊತ್ತು ಬೆನ್ನಿಗಿರಲಿ, ಗಾಳಿ ಮಾರಿಗಿರಲಿ.
ನಿಂತು ತಗೀಬ್ಯಾಡ, ಬೋರಲ ಬೀಳು,
ಕೆಂಪು ಮಣ್ಣು ಅಂಗಿಗೆ ಹತ್ತಿದರ ಹತ್ತಲಿ.
ಮ್ಯಾಲಿಂದ ನೋಡಿದರ ನೆಲಗುಬ್ಬಿ ಬರೇ ಒಂದು ಹಕ್ಕಿ;
ಅದರ ಕಣ್ಣಿನ ಮಟ್ಟಕ್ಕ ಇಳಿದು ನೋಡು,
ಅದಕ್ಕೂ ಒಂದು ಮುಗಿಲಂಚು ಐತಿ.

ಇಷ್ಟನ್ನ ಯಾರಾದರೂ ಕಲಿಸತಾರ.

ಆ ಗ್ವಾಡಿ ಮ್ಯಾಲಿನ ಫೋಟೋ ನೋಡು.
ಪಿಕಳಾರ ಗೂಡು, ಬಾಯಿ ತೆರೆದ ಮೂರು ಮರಿ,
ತಾಯಿ ಕೊಕ್ಕಿನಾಗ ಹಸರ ಹುಳ.
ಹಾವೇರಿಯೊಳಗ ಶಾಲು ಹೊಚ್ಚಿದರು ಇದಕ್ಕ.
ಬಂದವರೆಲ್ಲಾ ಅಂತಾರ,
‘ಬೆಳಕು ಎಷ್ಟು ಚಂದ ಬಿದ್ದೈತ್ರಿ!’
ಬಿದ್ದಿದ್ದಲ್ಲ ಅದು. ಬೀಳಿಸಿದ್ದು.
ಗೂಡಿನ ಮುಂದ ಒಂದು ಜಾಲಿ ಟೊಂಗಿ ಅಡ್ಡ ಇತ್ತು.
ಒಂದ ಒಂದು. ಹೆಬ್ಬಟ್ಟಿನಷ್ಟೂ ದಪ್ಪಿಲ್ಲ.
ಕಿಸೆದಾಗ ಚಾಕು ಇತ್ತು.

ಮರುದಿನ ಆಸೆ ಹತ್ತಿ ಮತ್ತ ಹೋದ್ನಿ.
ಗೂಡು ಇತ್ತು.
ಮರಿ ಕೂಡೂ ಜಾಗಾದಾಗ
ಬಿಸಲು ಕೂತಿತ್ತು.
ಕಾಗಿ ಬಂತೋ, ಡ್ಯಾಗಿ ಎರಗಿತೋ,
ಆ ಬಿಸಲ ತಿಂತೋ, ಯಾರಿಗೆ ಕೇಳಲಿ?
ತಾಯಿ ಇನ್ನೂ ಹುಳ ಕಚ್ಚಿಕೊಂಡು
ಟೊಂಗಿಯಿಂದ ಟೊಂಗಿಗೆ ಹಾರತಿತ್ತು,
ಎಲ್ಲಿ ಇಡಬೇಕು ಅದಕ್ಕ ಗೊತ್ತಾಗವಲ್ದು.
ಸುಳ್ಳು ಯಾಕ ಹೇಳಲಿ, ಅದನ್ನೂ ತಗದ್ನಿ.
ಆ ರೀಲು ಇನ್ನೂ ತೊಳದಿಲ್ಲ. ಈ ಡ್ರಾವರಿನಾಗ ಐತಿ.

ಕುರಿ ಮೇಸೂ ಮಾಳಿಂಗಪ್ಪ ಎಲ್ಲಾ ನೋಡಿದ್ದ.
ಬೈಲಿಲ್ಲ. ಕೋಲಿನ ಮ್ಯಾಲೆ ಗದ್ದ ಇಟ್ಟು ಅಂದ,
‘ಬಾಣಂತಿ ಖೋಲಿ ಪರದೆ ಹರದು
ಕೂಸಿನ ಫೋಟೋ ತಗೀತೀರೇನ್ರಿ, ಮಾಸ್ತರ?’
ಹ್ರೋ ಹ್ರೋ ಅಂತ ಕುರಿ ಹೊಡಕೊಂಡು ಹೋದ.

ಅದಕ್ಕ ಹೇಳತೇನಿ.
ಮೊಬೈಲಿನಾಗ ಕೂಗು ಹಚ್ಚಿ ಹಕ್ಕಿ ಕರೀಬ್ಯಾಡ.
ಅದು ಬರೂದು ನಿನ್ನ ಕಡೆ ಅಲ್ಲ,
ತನ್ನ ಮನಿ ಹೊಕ್ಕ ಕಳ್ಳನ ಮ್ಯಾಲೆ.
ಮತ್ತ ಆ ತೋಳದ ಗವಿ.
ಮಾಳಿಂಗಪ್ಪನ ಮೊಮ್ಮಗ ನಿನಗ ತೋರಿಸ್ಯಾನಂತ. ಆಗಲಿ.
ಯಾವ ಜಾಗಾ ಅಂತ ಕೇಳಿದರ ‘ಗದಗ ಜಿಲ್ಲಾ’ ಅನ್ನು.
ಬಿಡದ ಕೇಳಿದರ ‘ಗಾಳಿಪಂಖದ ಹತ್ರ’ ಅನ್ನು.
ಗುಡ್ಡದ ತುಂಬ ಗಾಳಿಪಂಖ ಅದಾವು.
ಹಿಂದಿನ ಬಂಡೆಗಲ್ಲೂ ಬಾಯಿ ಬಿಡತೈತಿ, ನೆನಪಿಡು;
ಅದರ ಗುರುತು ಹಿಡಿದು
ಎಂಟು ದಿನದಾಗ ನಲವತ್ತು ಗಾಡಿ ಬರತಾವು.
ತೋಳ ಮರಿ ಕಚ್ಚಿಕೊಂಡು ಊರ ಕಡೆ ಇಳೀತೈತಿ.
ಕುರಿ ಹೋಗೂದು ಮಾಳಿಂಗಪ್ಪಂದು,
ಕಲ್ಲಿನ ಏಟು ತೋಳಕ್ಕ,
ಲೈಕು ನಿನಗ.

ಬರೇ ಕೂತು ಬಾ ಒಂದು ದಿನ,
ಕ್ಯಾಮೆರಾ ಚೀಲದಾಗ ಇರಲಿ.
ಮೊದಲ ತಾಸು ಗುಡ್ಡ ನಿನ್ನ ನೋಡತೈತಿ.
ಎರಡನೇ ತಾಸು ಬ್ಯಾಸರ ಬರತೈತಿ, ನಿನಗಲ್ಲ, ಗುಡ್ಡಕ್ಕ.
ಆಮ್ಯಾಲೆ ಅದು ತನ್ನ ಕೆಲಸ ಸುರು ಮಾಡತೈತಿ.

ಇಷ್ಟು ಹೇಳೂ ಮುದಕ
ಆ ಫೋಟೋ ಯಾಕ ಇಳಿಸಿಲ್ಲ ಅಂತೀಯೇನು?
ಇಳಿಸಿದ್ದೆ ಒಮ್ಮೆ.
ಗ್ವಾಡಿ ಮ್ಯಾಲೆ ಬೆಳ್ಳಗ ಒಂದು ಚೌಕ ಉಳೀತು,
ಬಿಸಲು ಕೂತಂಗ.
ಸಂಜೀಕ ಮತ್ತ ಹಾಕಿದ್ನಿ.

ಹೊತ್ತಾತು, ಏಳು.
ಬೇಕಾದರ ನನ್ನ ಸ್ಟ್ಯಾಂಡು ಒಯ್ಯಿ, ಹಳೇದು, ಗಟ್ಟಿ ಐತಿ.
ಕಿಸೆದಾಗ ಚಾಕು ಇದ್ದರ
ಈ ಮೇಜಿನ ಮ್ಯಾಲೆ ಇಟ್ಟು ಹೋಗು.